ಪರರ ಬರಹ, ತನ್ನ ಹೆಸರು

ಕೇಳಿದೊಡನೆ ಪ್ರಬಂಧ ಬರೆದುಕೊಡುವ ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಲೋಕದ ಮುಂದೆ ಬಂದಿತು. ಇಂದು ಅಂಥ ಯಂತ್ರಗಳು ಹಾನಗಲ್ಲು, ಸವಣೂರು, ಹಿರೇಕೆರೂರುಗಳ ವಿದ್ಯಾರ್ಥಿಗಳ ಫೋನಿಗೂ ನಿಲುಕುತ್ತವೆ. ಅವು ಬರೆದುದನ್ನು ತನ್ನ ಹೆಸರಿನಲ್ಲಿ ಒಪ್ಪಿಸುವುದು ಚೌರ್ಯವೇ ಎಂಬುದು ವಿಚಾರಾರ್ಹ ಪ್ರಶ್ನೆ.

ವಿದ್ಯಾರ್ಥಿಗಳ ಪಕ್ಷದ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕೊಡದುದನ್ನು ತೆಗೆದುಕೊಂಡರಷ್ಟೆ ಕಳವು. ಯಂತ್ರವಾದರೋ ಕೇಳಿದಾಗ ಕೊಟ್ಟಿದೆ. ಇಲ್ಲಿ ಕಳೆದುಕೊಂಡವರು ಯಾರು? ಇಂಗ್ಲಿಷಿನಲ್ಲಿ ತೊಡರುವ ಹಳ್ಳಿಯ ಹುಡುಗನಿಗೆ ಇದೊಂದು ಊರುಗೋಲು ಎಂಬುದೂ ಸುಳ್ಳಲ್ಲ.

ಆದರೆ ಇಲ್ಲಿ ಅದತ್ತವಾದುದು ಬರಹವಲ್ಲ, ಅಂಕ. ಗುರುಗಳು ಅಂಕ ಕೊಡುವುದು ವಿದ್ಯಾರ್ಥಿಯ ಸ್ವಂತ ಶ್ರಮಕ್ಕೆ. ಆ ಶ್ರಮವಿಲ್ಲದೆ ಪಡೆದ ಅಂಕ ಅವರು ಕೊಡದೆ ಪಡೆದ ಅಂಕವೇ ಸರಿ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ, ಎಂದರೆ ಖೋಟಾ ವಸ್ತುವನ್ನು ಅಸಲೆಂದು ಸಾಗಿಸುವುದನ್ನೂ, ಎಣಿಸಿದೆ. ಸರಕು ಯಾರಿಂದಲೇ ಬಂದಿರಲಿ, ಮೋಸಹೋದವನು ಅದನ್ನು ನಂಬಿ ಕೊಂಡವನು.

ಕಾನೂನು ತಡೆಯಲಾರದೇ ಎಂದು ಕೇಳಬಹುದು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದಂತೆ ಮಹಾಪ್ರಬಂಧದಲ್ಲಿ ಅನ್ಯರ ಬರಹದ ಹೋಲಿಕೆ ಶೇ. 10ನ್ನು ಮೀರಿದರೆ ತಿದ್ದಿ ಒಪ್ಪಿಸಬೇಕು, ಶೇ. 60ನ್ನು ಮೀರಿದರೆ ನೋಂದಣಿಯೇ ರದ್ದು. ಆದರೆ ಆ ತಕ್ಕಡಿ ತೂಗುವುದು ಹಿಂದೆ ಪ್ರಕಟವಾದ ಬರಹದ ಹೋಲಿಕೆಯನ್ನು. ಯಂತ್ರವೋ ಹೊಸ ಹೊಸ ವಾಕ್ಯಗಳನ್ನು ಹೆಣೆದುಕೊಡುತ್ತದೆ. ಬಹುಮಟ್ಟಿಗೆ ಆ ತಕ್ಕಡಿಗೆ ಸಿಕ್ಕದು. ಹಿಡಿಯುವವರಿಲ್ಲದ ಎಡೆಯಲ್ಲಿ ಕಾಯುವುದು ತಾನೇ ಹಾಕಿಕೊಂಡ ಕಟ್ಟು. ಅದಕ್ಕೇ ವ್ರತವೆಂದು ಹೆಸರು.

ಹಾಗಾದರೆ ಯಂತ್ರವೇ ವರ್ಜ್ಯವೆ? ಅಲ್ಲ. ತಿಳಿಯದ ಮಾತಿನ ಅರ್ಥ ಕೇಳುವುದು, ಗುರುಗಳು ಒಪ್ಪಿದಲ್ಲಿ ಭಾಷೆಯ ತಪ್ಪು ತಿದ್ದಿಸಿಕೊಳ್ಳುವುದು, ಪಡೆದ ನೆರವನ್ನು ಬಾಯಿಬಿಟ್ಟು ಹೇಳುವುದು ದೋಷವಲ್ಲ. ಜ್ಞಾನಾಚಾರದ ಎಂಟು ಅಂಗಗಳಲ್ಲಿ ಅನಿಹ್ನವವೂ ಒಂದು: ವಿದ್ಯೆ ಬಂದ ಮೂಲವನ್ನು ಮರೆಮಾಚದಿರುವುದು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಾಡನ್ನು ಸಂಗ್ರಹಿಸಿದವನು ಹಾಡಿದವರ ಹೆಸರನ್ನೂ ಊರನ್ನೂ ಬರೆದಿಡಬೇಕೆಂಬುದು ಆ ಶಾಸ್ತ್ರದ ಮೊದಲ ಪಾಠ. ಅಕ್ಷರ ಬಾರದ ಅಜ್ಜಿಗೆ ಸಲ್ಲುವ ಈ ನ್ಯಾಯ ಯಂತ್ರದ ನೆರವಿಗೂ ಸಲ್ಲಬೇಕು.

ಊರುಗೋಲು ಹಿಡಿದವನೂ ನಡೆಯುವುದು ತನ್ನ ಕಾಲಿನಿಂದಲೇ. ಒಬ್ಬರು ಮಾಡಿದ ಉಪವಾಸದಿಂದ ಇನ್ನೊಬ್ಬರಿಗೆ ನಿರ್ಜರೆಯಾಗದು, ಓದೂ ಹಾಗೆಯೇ. ಆದುದರಿಂದ ಮನೆಯ ಹಿರಿಯರು ಮಕ್ಕಳನ್ನು ಎಷ್ಟು ಅಂಕ ಬಂದಿತೆಂದು ಕೇಳುವ ಮೊದಲು, ಬರೆದುದನ್ನು ಪುಸ್ತಕ ಮುಚ್ಚಿ ವಿವರಿಸಲು ಹೇಳಲಿ. ವಿವರಿಸಬಲ್ಲಷ್ಟೇ ಅವರದು.