ನೋಡಿ ಬರುವವರ ಋಣ

ಇಥಿಯೋಪಿಯಾ ದೇಶದ ಬಾಲೇ ಪರ್ವತಗಳ ರಾಷ್ಟ್ರೀಯ ಉದ್ಯಾನಕ್ಕೆ ಪ್ರವಾಸಿಗರು ಸಾವಿರಾರು ಮೈಲಿ ದೂರದಿಂದ ಬರುತ್ತಾರೆ. ಜಗತ್ತಿನಲ್ಲಿ 500ರ ಆಸುಪಾಸಿನಲ್ಲಷ್ಟೇ ಉಳಿದಿರುವ ಕೆಂಬಣ್ಣದ ತೋಳವನ್ನು ಕಂಡು ಧನ್ಯರಾಗುತ್ತಾರೆ. ಅದೇ ಎತ್ತರದಲ್ಲಿ ದನ ಮೇಯಿಸಿ ಬದುಕುವ ಬಡವರು ಮಾತ್ರ ಅವರ ಚಿತ್ರಗಳಲ್ಲಿ ಕಾಣುವುದು ವಿರಳ.

ನಮ್ಮ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಗೂ ಈ ಮಾತು ಸಲ್ಲುತ್ತದೆ. ಹೆಬ್ಬಂಡೆಗಳನ್ನು ಪೇರಿಸಿಟ್ಟಂತಹ ಅಲ್ಲಿಯ ಗುಡ್ಡಗಳು 2013ರಲ್ಲಿ ಕರಡಿಧಾಮವೆನಿಸಿದವು. ಮರಿಗಳನ್ನು ಬೆನ್ನ ಮೇಲೆ ಹೊತ್ತು ಬಂಡೆಯಿಳಿಯುವ ತಾಯಿ ಕರಡಿಯನ್ನು ಕಂಡವರು ಆ ದೃಶ್ಯವನ್ನು ಮರೆಯಲಾರರು. ಆದರೆ ಕತ್ತಲಾಗುವ ಮುನ್ನ ನಾವು ವಾಹನವೇರಿ ಮನೆಗೆ ಮರಳುತ್ತೇವೆ. ತಪ್ಪಲಿನ ರೈತನು ಆಗಲೇ ಶೇಂಗಾ ಹೊಲ ಕಾಯಲು ಹೊರಡುತ್ತಾನೆ. ನಮಗೆ ಆನಂದವಾದುದೇ ಅವನಿಗೆ ಭಯ.

ಹಾಗಾದರೆ ಕರಡಿ ಬೇಡವೇ? ಖಂಡಿತ ಬೇಕು. ಗೆದ್ದಲು, ಜೇನು, ಕಾಡುಹಣ್ಣುಗಳನ್ನು ತಿಂದು ಬಾಳುವ ಆ ಮೂಕಜೀವಿಗೆ ಗವಿಯೇ ಮನೆ. ಅದರ ನೆಲೆ ಕುಗ್ಗಿದರೆ ಹೊಲಕ್ಕೆ ಬಾರದೆ ಎಲ್ಲಿಗೆ ಹೋದೀತು? ಆದರೆ ಸೃಷ್ಟಿಯನ್ನು ಕಾಯುವ ಹೊಣೆ ಎಲ್ಲರದ್ದಾಗಿರುವಾಗ ಅದರ ಬೆಲೆಯನ್ನು ಬಡವನೊಬ್ಬನೇ ತೆರುವುದು ನ್ಯಾಯವೇ? ಬೆಳೆನಷ್ಟಕ್ಕೆ ಅರಣ್ಯ ಇಲಾಖೆಯ ಪರಿಹಾರವುಂಟು. ನಿದ್ದೆಗೆಟ್ಟ ರಾತ್ರಿಗಳಿಗೆ ಯಾವ ಪರಿಹಾರವೂ ಇಲ್ಲ.

ಆ ಋಣವನ್ನು ನಾವು ಪೂರ್ತಿ ತೀರಿಸಲಾರೆವು, ಅರಿತುಕೊಳ್ಳಬಲ್ಲೆವು. ಆ ರೈತನ ಫಸಲನ್ನು ಚೌಕಾಸಿಯಿಲ್ಲದೆ ಕೊಳ್ಳೋಣ. ಪರಿಹಾರಕ್ಕಾಗಿ ಅಲೆಯುವವನ ಅರ್ಜಿ ಬರೆದುಕೊಡೋಣ. ರಜೆಯಲ್ಲಿ ಮಕ್ಕಳಿಗೆ ಕರಡಿಯ ಗುಡ್ಡವನ್ನು ತೋರಿಸುವಾಗ ಅದರ ಬುಡದಲ್ಲಿರುವ ಕಾವಲಿನ ಅಟ್ಟಣೆಯನ್ನೂ ತೋರಿಸೋಣ.