ಅಂಚಿನಲ್ಲಿ ನಿಂತ ಕಣಗಳು

ದೊಡ್ಡ ಕರುಳಿನ ಗೆಡ್ಡೆಯ ತೆಳು ಪದರವೊಂದನ್ನು ಗಾಜಿನ ಮೇಲಿಟ್ಟು ಬಣ್ಣ ಹಾಯಿಸಿದರೆ ಗುಲಾಬಿ, ನೇರಳೆ ಎರಡೇ ಕಾಣುತ್ತವೆ. ಆ ನೇರಳೆ ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬಂದದ್ದು. ಗೆಡ್ಡೆಯ ಅಂಚಿನಲ್ಲಿ ಗುಂಪುಗೂಡಿದ ಕಡುನೇರಳೆ ಚುಕ್ಕೆಗಳನ್ನು ರೋಗಶಾಸ್ತ್ರಜ್ಞರು ದಶಕಗಳಿಂದ ಕಂಡಿದ್ದಾರೆ. ಅವು ನಮ್ಮನ್ನು ಕಾಯುವ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು.

2006ರಲ್ಲಿ ಪ್ಯಾರಿಸ್‌ನ ಜೆರೋಮ್ ಗಲೋನ್ ಮತ್ತು ಸಂಗಡಿಗರು ಅವುಗಳ ಸಂಖ್ಯೆಯ ಜೊತೆಗೆ ಜಾಗವನ್ನೂ ಲೆಕ್ಕಕ್ಕೆ ತಂದರು. ಲಿಂಫೋಸೈಟ್‌ಗಳಲ್ಲೊಂದು ಬಗೆಯಾದ ಟಿ ಕಣಗಳು ಗೆಡ್ಡೆಯ ನಡುವೆ ಎಷ್ಟಿವೆ, ಅಂಚಿನಲ್ಲಿ ಎಷ್ಟಿವೆ ಎಂಬುದು ರೋಗಿಯ ಮುಂದಿನ ದಿನಗಳ ಬಗ್ಗೆ ಕ್ಯಾನ್ಸರಿನ ಹಂತಕ್ಕಿಂತಲೂ ಚೆನ್ನಾಗಿ ಹೇಳಿತು. ಕೆಲವು ಗೆಡ್ಡೆಗಳಲ್ಲಿ ಟಿ ಕಣಗಳು ಹೊಸ್ತಿಲವರೆಗೆ ಬಂದು ನಾರಿನ ಗೋಡೆಗೆ ತಾಗಿ ನಿಲ್ಲುತ್ತವೆ. ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಚಿಕಿತ್ಸೆಯಾದ ಇಮ್ಯುನೊಥೆರಪಿ ಅವುಗಳ ಕಟ್ಟು ಬಿಚ್ಚಬಲ್ಲದು, ಆದರೆ ಒಳಹೊಗದ ಕಣಕ್ಕೆ ಆ ಬಿಡುಗಡೆಯಿಂದ ಏನು ಫಲ?

2020ರಲ್ಲಿ ಸ್ಟ್ಯಾನ್‌ಫರ್ಡ್‌ನ ಗ್ಯಾರಿ ನೋಲನ್ ಅವರ ಪ್ರಯೋಗಾಲಯ 35 ರೋಗಿಗಳ ಗೆಡ್ಡೆಗಳಲ್ಲಿ ಕಣಗಳ 9 ಬಗೆಯ ನೆರೆಹೊರೆಗಳನ್ನು ಗುರುತಿಸಿತು. ಹೆಚ್ಚು ಕಾಲ ಬದುಕಿದವರಲ್ಲೂ ಬೇಗ ಸೋತವರಲ್ಲೂ ಹೆಚ್ಚುಕಡಿಮೆ ಅವೇ ನೆರೆಹೊರೆಗಳು. ಒಂದಕ್ಕೊಂದು ತಾಗುವ, ಬೆರೆಯುವ ರೀತಿ ಮಾತ್ರ ಬೇರೆ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ದುಗ್ಧಗ್ರಂಥಿಗಳು ರೂಪುಗೊಳ್ಳುವುದು ನಾವು ತಾಯಿಯ ಗರ್ಭದಲ್ಲಿದ್ದಾಗ. ಆದರೆ ಬೆಳೆದ ದೇಹ ಕೆಲವೊಮ್ಮೆ ಗೆಡ್ಡೆಯ ಪಕ್ಕದಲ್ಲೇ ಅಂಥದೊಂದನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ: ನಡುವೆ ಇನ್ನೊಂದು ಬಗೆಯ ಲಿಂಫೋಸೈಟ್‌ಗಳಾದ ಬಿ ಕಣಗಳು, ಸುತ್ತ ಟಿ ಕಣಗಳು, ಬಂದು ಸೇರಲು ಪ್ರತ್ಯೇಕ ರಕ್ತನಾಳಗಳು. ಯಾವ ಅಂಗರಚನಾ ಪುಸ್ತಕದ ನಕ್ಷೆಯಲ್ಲೂ ಇಲ್ಲದ ಪಾಠಶಾಲೆ! ಶತ್ರುವಿನ ಗುರುತನ್ನು ಕಣಗಳು ಅಲ್ಲೇ ಕಲಿಯುತ್ತವೆ. ಇಂಥ ರಚನೆಯಿರುವ ಗೆಡ್ಡೆಗಳು ಇಮ್ಯುನೊಥೆರಪಿಗೆ ಹೆಚ್ಚು ಮಣಿಯುವುದು ಹಲವು ಕ್ಯಾನ್ಸರ್‌ಗಳಲ್ಲಿ ಕಂಡುಬಂದಿದೆ.

ಡಿಎನ್‌ಎ ತಪ್ಪು ತಿದ್ದುವ ಶಕ್ತಿ ಕಳೆದುಕೊಂಡ ಕರುಳಿನ ಗೆಡ್ಡೆಗಳಲ್ಲಿ ಟಿ ಕಣಗಳು ಮೊದಲೇ ಕಿಕ್ಕಿರಿದಿರುತ್ತವೆ. ನೆದರ್‌ಲ್ಯಾಂಡ್ಸ್‌ನ ನಿಷ್-2 ಅಧ್ಯಯನದಲ್ಲಿ ಅಂಥ 111 ರೋಗಿಗಳಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಕೆಲವೇ ವಾರ ಇಮ್ಯುನೊಥೆರಪಿ ಔಷಧ ಕೊಟ್ಟರು. ತೆಗೆದ ಕರುಳನ್ನು ಪರೀಕ್ಷಿಸಿದಾಗ 75 ಮಂದಿಯಲ್ಲಿ ಒಂದೂ ಜೀವಂತ ಕ್ಯಾನ್ಸರ್ ಕಣ ಉಳಿದಿರಲಿಲ್ಲ. ಓದಿದಾಗ ಕಣ್ಣು ತುಂಬಿತು. ಆದರೂ ಕರುಳಿನ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಜನ ಈ ಗುಂಪಿಗೆ ಸೇರಿಲ್ಲ. ಅವರ ಗೆಡ್ಡೆಯ ನಾರುಗೋಡೆಯನ್ನು ಸಡಿಲಿಸಿ, ಅಂಚಿನಲ್ಲಿ ಕಾದಿರುವ ಕಣಗಳಿಗೆ ದಾರಿ ಮಾಡಿಕೊಡುವ ಕೆಲಸಕ್ಕೆ ಇನ್ನಷ್ಟು ಕೈಗಳು ಬೇಕು.