ಒಡಕು ದನಿ

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಜ್ಜಿ ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬುತ್ತಿದ್ದಳು. ಮಡಕೆಯನ್ನು ಅಂಗೈ ಮೇಲೆ ಕೂರಿಸಿಕೊಂಡು ಬೆರಳ ಗೆಣ್ಣಿನಿಂದ ತಟ್ಟುವಳು. ಒಂದು ಠಣ್ ಎನ್ನುತ್ತಿತ್ತು, ಇನ್ನೊಂದು ಬೊದ್ ಎನ್ನುತ್ತಿತ್ತು. ಪಕ್ಕಕ್ಕಿಟ್ಟ ಅಂಥದೊಂದನ್ನು ನಾನು ತಿರುಗಿಸಿ ತಿರುಗಿಸಿ ನೋಡಿದೆ.

"ಎಲ್ಲಜ್ಜಿ ಬಿರುಕು? ಕಾಣಿಸ್ತಾನೇ ಇಲ್ಲ."

"ಎಲ್ಲಿದ್ರೆ ನಮಗೇನೋ ಮಗಾ, ದನಿ ಒಡೆದಿದೆಯಲ್ಲ."

ಅದೇ ವಯಸ್ಸಿನಲ್ಲಿ, ಅವಳ ಅಳಗುಳಿಮನೆಯ ಹುಣಸೆಬೀಜಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸುವುದು ನನ್ನ ಆಟ. ಹನ್ನೆರಡು ಬೀಜ ಹೇಳಿದ ಮಾತು ಕೇಳುತ್ತಿದ್ದವು: ಎರಡು ಸಾಲಿಗೆ ಆರಾರು, ಮೂರು ಸಾಲಿಗೆ ನಾಲ್ಕು ನಾಲ್ಕು. ಇನ್ನೊಂದು ಬೀಜ ಸೇರಿದರೆ ಸಾಕು, ಮೊಂಡು ಹಿಡಿಯುತ್ತಿದ್ದವು. ಹದಿಮೂರು ಒಂದೇ ಉದ್ದ ಸಾಲಾಗಿ ಮಲಗೀತೇ ಹೊರತು ಸಮಸಾಲುಗಳಿಗೆ ಬಗ್ಗದು. ತಾನು ಮತ್ತು ಒಂದು ಬಿಟ್ಟರೆ ಬೇರೆ ಅಪವರ್ತನವಿಲ್ಲದ ಇಂಥದ್ದನ್ನು ಅವಿಭಾಜ್ಯ ಸಂಖ್ಯೆ ಎನ್ನುತ್ತಾರೆಂದು ಶಾಲೆ ಆಮೇಲೆ ಹೇಳಿಕೊಟ್ಟಿತು.

ತೊಂಬತ್ತೊಂದು ನನ್ನನ್ನು ಬಹಳ ದಿನ ಏಮಾರಿಸಿತು. ಹತ್ತರವರೆಗಿನ ಯಾವ ಮಗ್ಗಿಯಲ್ಲೂ ಅದು ಸಿಗದು. ಹದಿಮೂರರ ಮಗ್ಗಿ ಬಾಯಿಪಾಠವಾದ ದಿನ ಗುಟ್ಟು ರಟ್ಟಾಯಿತು: ಅದು ಹದಿಮೂರರ ಏಳನೇ ಅಪವರ್ತ್ಯ. ನಿಜಕ್ಕೂ ಅಷ್ಟು ಕಾಯಬೇಕಿರಲಿಲ್ಲ. ಹತ್ತು ಹತ್ತಲಿ ನೂರು. ಹಾಗಾಗಿ 91 ಒಡೆಯುವುದಾದರೆ ಅದರ ಒಂದು ತುಂಡಾದರೂ ಹತ್ತಕ್ಕಿಂತ ಚಿಕ್ಕದಿರಲೇಬೇಕು. 2, 3, 5, 7 ಇಷ್ಟರಿಂದ ಭಾಗಿಸಿ ನೋಡಿದ್ದರೆ ಸಾಕಿತ್ತು.

ಇದು ಬಿರುಕು ಹುಡುಕುವ ದಾರಿ. ಸಂಖ್ಯೆಯನ್ನು ತಟ್ಟಿ ನೋಡುವ ದಾರಿಯೂ ಇದೆಯೆಂದು ತಿಳಿದಾಗ ಬೆರಗಾದೆ. ಫ್ರಾನ್ಸಿನ ಫರ್ಮಾ 1640ರಲ್ಲಿ ಕಂಡದ್ದು ಅದು. ಹದಿಮೂರಕ್ಕೆ ಒಂದು ಕಡಿಮೆ, ಅಂದರೆ ಹನ್ನೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿ: 4096. ಅದನ್ನು 13ರಿಂದ ಭಾಗಿಸಿದರೆ ಶೇಷ 1. ಎರಡಕ್ಕಿಂತ ದೊಡ್ಡ ಯಾವ ಅವಿಭಾಜ್ಯವೂ ಹೀಗೆ ಒಂದನ್ನೇ ಉಳಿಸುತ್ತದೆ. ಇದೇ ರೀತಿ ತೊಂಬತ್ತು ಎರಡುಗಳನ್ನು ಗುಣಿಸಿ 91ರಿಂದ ಭಾಗಿಸಿದರೆ ಉಳಿಯುವುದು 64. ದನಿ ಒಡೆದಿದೆ. ಏಳಾಗಲಿ ಹದಿಮೂರಾಗಲಿ ಎಲ್ಲೂ ಮುಖ ತೋರಿಸಿಲ್ಲ.

ಅರವತ್ತೇಳು ಎರಡುಗಳ ಗುಣಲಬ್ಧದಿಂದ ಒಂದು ಕಳೆದರೆ ಇಪ್ಪತ್ತೊಂದು ಅಂಕಿಗಳ ಸಂಖ್ಯೆ ಬರುತ್ತದೆ. 1644ರಲ್ಲಿ ಮರ್ಸೆನ್ ಅದನ್ನು ಅವಿಭಾಜ್ಯವೆಂದಿದ್ದ. 1876ರಲ್ಲಿ ಲೂಕಾ ಬೇರೊಂದು ಬಗೆಯಲ್ಲಿ ತಟ್ಟಿ, ಅಲ್ಲವೆಂದ. ಒಡೆಯುವುದೆಲ್ಲಿ ಎಂದು ಅವನಿಗೂ ಗೊತ್ತಿರಲಿಲ್ಲ. 1903ರಲ್ಲಿ ಅಮೆರಿಕದ ಕೋಲ್ ಆ ಬಿರುಕನ್ನು ತೋರಿಸಿಕೊಟ್ಟ: 193707721 × 761838257287. ಸಭೆಯಲ್ಲಿ ಒಂದೂ ಮಾತಾಡದೆ ಬೋರ್ಡಿನ ಮೇಲೆ ಗುಣಾಕಾರ ಮಾಡಿ ಕೂತುಬಿಟ್ಟನಂತೆ. ಇದೆ ಎಂದು ತಿಳಿಯುವುದಕ್ಕೂ ಎಲ್ಲಿದೆ ಎಂದು ಕಾಣುವುದಕ್ಕೂ ನಡುವೆ ಇಪ್ಪತ್ತೇಳು ವರ್ಷ.

ತಟ್ಟುವುದರಲ್ಲೂ ಮೋಸವುಂಟು. ಎರಡರ ಬದಲು ಮೂರರಿಂದ ತಟ್ಟಿದರೆ ಅದೇ 91 ಶೇಷ ಒಂದನ್ನೇ ಉಳಿಸಿ ಠಣ್ ಎನ್ನುತ್ತದೆ! ಅಜ್ಜಿ ಒಂದೇ ಕಡೆ ತಟ್ಟಿ ಬಿಡದೆ ಮಡಕೆಯ ಸುತ್ತಲೂ ತಟ್ಟುತ್ತಿದ್ದುದು ಇದಕ್ಕೇ ಇರಬೇಕು. 561ರಂಥ ಕಿಲಾಡಿಗೆ ಅದೂ ಸಾಲದು. 3, 11, 17 ಎಂಬ ಮೂರು ತುಂಡುಗಳಿದ್ದೂ, ಆ ಮೂರರಲ್ಲಿ ಯಾವುದರಿಂದಲೂ ಭಾಗವಾಗದ ಯಾವ ಸಂಖ್ಯೆಯಿಂದ ತಟ್ಟಿದರೂ ಅದರದು ಗಟ್ಟಿ ದನಿ. ಎಂದೂ ಏಮಾರದ, ಅಂಕಿಗಳು ಹೆಚ್ಚಿದರೂ ಲೆಕ್ಕ ಕೈಮೀರದ ಪರೀಕ್ಷೆ ಸಿಕ್ಕಿದ್ದು 2002ರಲ್ಲಿ, ಕಾನ್ಪುರದ ಐಐಟಿಯಲ್ಲಿ. ಕೊಟ್ಟವರು ಮಣೀಂದ್ರ ಅಗ್ರವಾಲ್ ಮತ್ತು ಅವರ ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಅದೂ ಹೇಳುವುದು ಒಡಕಿದೆಯೋ ಇಲ್ಲವೋ ಎಂದಷ್ಟೇ.

ಅಜ್ಜಿ ಲೂಕಾನ ಪೈಕಿ; ದನಿ ಕೇಳಿದ ಮೇಲೆ ಮುಂದಿನ ಮಡಕೆಗೆ ಕೈ ಹಾಕುವವಳು. ನನಗೆ ಕೋಲ್‌ನ ಚಟ. ಅಂದು ಪಕ್ಕಕ್ಕಿಟ್ಟ ಆ ಮಡಕೆಯ ಬಿರುಕು ಎಲ್ಲಿತ್ತೋ, ಇವತ್ತಿಗೂ ಕಾಡುತ್ತದೆ.